ಹನ್ನೆರಡು ತಿಂಗಳು, ನಾಲ್ಕು ಡಿಗ್ರಿ: ಮಂಗಳೂರಿನ ಸರಾಸರಿ ತಾಪಮಾನವನ್ನು ಓದುವ ಬಗೆ

ಈಚಿನ ಕೆಲವು ವರ್ಷಗಳಲ್ಲಿ ಫೆಬ್ರವರಿ ಮುಗಿಯುವ ಹೊತ್ತಿಗೆ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಜನರು ಮೊದಲು ಅಷ್ಟಾಗಿ ಕೇಳಿರದ ಒಂದು ಸುದ್ದಿಯನ್ನು ಕೇಳತೊಡಗಿದ್ದಾರೆ. ಅದು ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ. 2023ರ ಮಾರ್ಚ್ ಮೊದಲ ವಾರದಲ್ಲಿ ಹವಾಮಾನ ಇಲಾಖೆ ಇಂಥ ಎಚ್ಚರಿಕೆ ಕೊಟ್ಟಿತ್ತು. 2025ರಲ್ಲಿ ಫೆಬ್ರವರಿಯ ಕೊನೆಯಲ್ಲೇ ಕೊಟ್ಟಿತು. ಬಿಸಿಗಾಳಿ ಎಂದರೆ ಕಲಬುರಗಿ, ರಾಯಚೂರುಗಳ ಮಾತು ಎಂದುಕೊಂಡಿದ್ದವರಿಗೆ ಇದು ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. 38 ಡಿಗ್ರಿ ಎಂಬುದು ಕಲಬುರಗಿಯ ಏಪ್ರಿಲ್‌ನಲ್ಲಿ ಯಾರೂ ಎತ್ತಿ ಆಡದ ಅಂಕಿ. ಅದೇ 38 ಮಂಗಳೂರಿನಲ್ಲಿ ಎಚ್ಚರಿಕೆಯ ಅಂಕಿಯಾಗುವುದೇಕೆ?

ಉತ್ತರವಿರುವುದು ಆ ದಿನದ ಬಿಸಿಲಿನಲ್ಲಿ ಮಾತ್ರವಲ್ಲ, ಆ ಊರಿನ ತಿಂಗಳ ಸರಾಸರಿಗಳಲ್ಲಿ. ಅವು ಹೇಗೆ ಹುಟ್ಟುತ್ತವೆ, ಏನನ್ನು ಹೇಳುತ್ತವೆ, ಏನನ್ನು ಮುಚ್ಚಿಡುತ್ತವೆ ಎಂಬುದನ್ನು ತಿಳಿದರೆ ಎಚ್ಚರಿಕೆಯ ಅರ್ಥವೂ ತಿಳಿಯುತ್ತದೆ.

ಸರಾಸರಿ ಎಂದರೆ ಯಾವುದರ ಸರಾಸರಿ?

ಹವಾಮಾನ ವರದಿಯ ತಾಪಮಾನವೆಂದರೆ ಗಾಳಿಯ ತಾಪಮಾನ. ಬಿಸಿಲಿನದ್ದೂ ಅಲ್ಲ, ಅಂಗಳದ ನೆಲದ್ದೂ ಅಲ್ಲ. ಬಿಸಿಲಿಗೆ ಹಿಡಿದ ಥರ್ಮಾಮೀಟರ್ ತನ್ನ ಗಾಜು ಎಷ್ಟು ಕಾದಿದೆ ಎಂಬುದನ್ನಷ್ಟೇ ಹೇಳೀತು. ಅದಕ್ಕಾಗಿ ಥರ್ಮಾಮೀಟರನ್ನು ನೆಲದಿಂದ ಹೆಚ್ಚುಕಡಿಮೆ ಒಬ್ಬ ಮನುಷ್ಯನ ಎದೆಯ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ, ಗಾಳಿ ಆಡುವಂತೆ ನಾಲ್ಕೂ ಬದಿಗೆ ಜಾಲಂದ್ರದ ಪಟ್ಟಿಗಳಿರುವ ಮರದ ಪೆಟ್ಟಿಗೆಯೊಳಗೆ ಇಡುತ್ತಾರೆ. ಇದನ್ನು ರೂಪಿಸಿದವನು ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್ಸನ್. ಅವನ ಕಸುಬು ದೀಪಸ್ತಂಭ ಕಟ್ಟುವುದಾಗಿತ್ತು, ಆದ್ದರಿಂದ ಕಡಲ ಗಾಳಿಯ ಸ್ವಭಾವ ಅವನಿಗೆ ಗೊತ್ತಿದ್ದಿರಬೇಕು. ಪೆಟ್ಟಿಗೆ ಇಂದಿಗೂ ಅವನ ಹೆಸರಿನಲ್ಲೇ ಇದೆ.

ಪೆಟ್ಟಿಗೆಯೊಳಗಿನ ಎರಡು ಥರ್ಮಾಮೀಟರ್‌ಗಳು ನಮ್ಮ ವಿಷಯಕ್ಕೆ ಮುಖ್ಯವಾದವು. ಒಂದು, ಜ್ವರ ನೋಡುವ ಹಳೆಯ ಪಾದರಸದ ಕಡ್ಡಿಯ ಹಾಗೆ, ಏರಿದ ಅತಿ ಎತ್ತರದ ಅಂಕಿಯಲ್ಲೇ ನಿಂತುಬಿಡುತ್ತದೆ. ಅದು ದಿನದ ಗರಿಷ್ಠ ತಾಪಮಾನ. ಇನ್ನೊಂದು ಇಳಿದ ಅತಿ ಕೆಳಗಿನ ಅಂಕಿಯನ್ನು ಗುರುತಿಟ್ಟುಕೊಳ್ಳುತ್ತದೆ; ಅದು ಕನಿಷ್ಠ ತಾಪಮಾನ. ಗರಿಷ್ಠ ಸಾಮಾನ್ಯವಾಗಿ ಮಧ್ಯಾಹ್ನ ಬೀಳುತ್ತದೆ, ಕನಿಷ್ಠ ಸೂರ್ಯೋದಯದ ಆಸುಪಾಸಿನಲ್ಲಿ. ಈಗ ಅನೇಕ ಕಡೆ ಈ ಕೆಲಸವನ್ನು ತಾನಾಗಿಯೇ ದಾಖಲಿಸುವ ಎಲೆಕ್ಟ್ರಾನಿಕ್ ಉಪಕರಣಗಳು ಮಾಡುತ್ತವೆ.

ಈ ಎರಡನ್ನು ಕೂಡಿಸಿ ಅರ್ಧ ಮಾಡಿದರೆ ಆ ದಿನದ ಸರಾಸರಿ ಬರುತ್ತದೆ. ತಿಂಗಳ ಎಲ್ಲ ದಿನಗಳ ಸರಾಸರಿಗಳನ್ನು ಕೂಡಿಸಿ ದಿನಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದು ಆ ವರ್ಷದ ಆ ತಿಂಗಳ ಸರಾಸರಿ. ಆದರೆ ಒಂದು ವರ್ಷದ ಏಪ್ರಿಲ್ ಮೋಡ ಕವಿದು ತಂಪಾಗಿರಬಹುದು, ಮರುವರ್ಷದ್ದು ಸುಡಬಹುದು. ಆದ್ದರಿಂದ ಸತತ 30 ವರ್ಷಗಳ ಏಪ್ರಿಲ್‌ಗಳನ್ನು ಒಟ್ಟುಗೂಡಿಸಿ ಮತ್ತೊಂದು ಸರಾಸರಿ ತೆಗೆಯುತ್ತಾರೆ. ಪತ್ರಿಕೆಗಳು ‘ವಾಡಿಕೆಗಿಂತ 4 ಡಿಗ್ರಿ ಹೆಚ್ಚು’ ಎಂದು ಬರೆಯುವಾಗ ‘ವಾಡಿಕೆ’ ಎಂಬ ಮಾತಿಗೆ ಆಧಾರ ಈ 30 ವರ್ಷಗಳ ಲೆಕ್ಕ. ಗರಿಷ್ಠಕ್ಕೆ ಒಂದು ವಾಡಿಕೆ, ಕನಿಷ್ಠಕ್ಕೆ ಇನ್ನೊಂದು, ಇವೆರಡನ್ನು ಬೆರೆಸಬಾರದು.

ಊರಿನ ತಾಪಮಾನ ಎಂದಾಗ ಊರಿನ ಯಾವ ಮೂಲೆಯದ್ದು ಎಂಬ ಪ್ರಶ್ನೆಯೂ ಇದೆ. ಮಂಗಳೂರಿಗೆ ಎರಡು ಪ್ರಮುಖ ವೀಕ್ಷಣಾಲಯಗಳಿವೆ: ಬಂದರಿನ ಬಳಿ ಕಡಲಿಗೆ ತಾಗಿದಂತಿರುವ ಪಣಂಬೂರು, ಮತ್ತು ಸುಮಾರು 100 ಮೀಟರ್ ಎತ್ತರದ ಗುಡ್ಡದ ಮೇಲೆ ವಿಮಾನ ನಿಲ್ದಾಣವಿರುವ ಬಜ್ಪೆ. ಎರಡರ ಅಂಕಿಗಳು ಒಂದೇ ದಿನ ಬೇರೆಬೇರೆಯಾಗಿರುವುದು ಮಾಮೂಲು. ಮುಂದೆ ಕೊಡುವ ಅಂಕಿಗಳು ಪಣಂಬೂರಿನ ದೀರ್ಘಕಾಲದ ದಾಖಲೆಗೆ ಹತ್ತಿರವಾದ, ಓದಲು ಸುಲಭವಾಗುವಂತೆ ದುಂಡಾಗಿಸಿದ ಅಂಕಿಗಳು.

ಪಟ್ಟಿಯಲ್ಲಿ ಕಾಣುವ ವಿಚಿತ್ರ

ಜನವರಿಯಲ್ಲಿ ಮಂಗಳೂರಿನ ಸರಾಸರಿ ಗರಿಷ್ಠ ಸುಮಾರು 33 ಡಿಗ್ರಿ ಸೆಲ್ಸಿಯಸ್, ಸರಾಸರಿ ಕನಿಷ್ಠ ಸುಮಾರು 21. ಎರಡರ ನಡುವಿನ ಅಂಕಿ 27. ಫೆಬ್ರವರಿಯಲ್ಲಿ ಅದು ಅರ್ಧ ಡಿಗ್ರಿಯಷ್ಟು ಏರಿ, ಮಾರ್ಚ್‌ನಲ್ಲಿ 28.5ರ ಹತ್ತಿರ ಬಂದು, ಏಪ್ರಿಲ್‌ನಲ್ಲಿ 29.5 ಮುಟ್ಟುತ್ತದೆ. ಏಪ್ರಿಲ್‌ನ ಗರಿಷ್ಠ 34, ಕನಿಷ್ಠ 25. ಮೇ ತಿಂಗಳು ಹೆಚ್ಚುಕಡಿಮೆ ಏಪ್ರಿಲ್‌ನಂತೆಯೇ ಇದ್ದು, ಜೂನ್‌ನಲ್ಲಿ ಮಳೆ ಹಿಡಿದೊಡನೆ ಸರಾಸರಿ ಎರಡೂವರೆ ಡಿಗ್ರಿಯಷ್ಟು ಕುಸಿಯುತ್ತದೆ. ಜುಲೈ, ಆಗಸ್ಟ್‌ಗಳಲ್ಲಿ ಗರಿಷ್ಠ 29ರ ಒಳಗೆ, ಕನಿಷ್ಠ 23. ಸರಾಸರಿ 26ರ ಆಸುಪಾಸು. ಸೆಪ್ಟೆಂಬರ್‌ನಿಂದ ಮತ್ತೆ ನಿಧಾನವಾಗಿ ಏರಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 27ರ ಸುತ್ತ ಸುಳಿದಾಡುತ್ತದೆ.

ಅಂದರೆ ಇಡೀ ವರ್ಷದಲ್ಲಿ ಅತಿ ಬಿಸಿಯಾದ ತಿಂಗಳಿಗೂ ಅತಿ ತಂಪಾದ ತಿಂಗಳಿಗೂ ನಡುವಿನ ಅಂತರ ನಾಲ್ಕು ಡಿಗ್ರಿಗಿಂತ ಹೆಚ್ಚಿಲ್ಲ. ದೆಹಲಿಯಲ್ಲಿ ಜನವರಿಗೂ ಜೂನ್‌ಗೂ ನಡುವೆ ಇದೇ ಅಂತರ ಇಪ್ಪತ್ತು ಡಿಗ್ರಿಯ ಸಮೀಪ. ಸೌಮ್ಯ ಹವೆಯ ಊರು ಎಂದು ಹವಾಮಾನದ ಪಟ್ಟಿಗಳು ಕರೆಯುವುದು ಇಂಥ ಊರುಗಳನ್ನು. ಬೆವರು ಒರೆಸಿಕೊಳ್ಳುತ್ತ ಅದನ್ನು ಓದುವ ಮಂಗಳೂರಿಗರು ಆ ಮಾತನ್ನು ಒಪ್ಪುತ್ತಾರೆಂದು ಹೇಳಲಾಗದು.

ಪಟ್ಟಿಯಲ್ಲಿ ಇನ್ನೆರಡು ಸಂಗತಿಗಳಿವೆ. ಮೊದಲನೆಯದು, ಸರಾಸರಿಯ ಲೆಕ್ಕದಲ್ಲಿ ಇಲ್ಲಿನ ಅತಿ ತಂಪಾದ ತಿಂಗಳು ಚಳಿಗಾಲದ ಜನವರಿಯಲ್ಲ, ಮಳೆಗಾಲದ ಜುಲೈ. ಎರಡನೆಯದು, ಜನವರಿಯ ಒಂದೇ ದಿನದಲ್ಲಿ ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ನಡುವೆ ಇರುವ ವ್ಯತ್ಯಾಸ 12 ಡಿಗ್ರಿ. ಇಡೀ ವರ್ಷ ತಿಂಗಳಿಂದ ತಿಂಗಳಿಗೆ ಆಗುವ ವ್ಯತ್ಯಾಸದ ಮೂರು ಪಟ್ಟು. ಜನವರಿಯಲ್ಲಿ ಕಂಬಳದ ಗದ್ದೆಯ ಬಳಿ ರಾತ್ರಿ ಕಳೆದವರು ಮುಂಜಾನೆ ಶಾಲು ಹೊದ್ದು, ಹನ್ನೊಂದು ಗಂಟೆಗೆ ನೆರಳು ಹುಡುಕುವುದು ಈ 12 ಡಿಗ್ರಿಯ ದೆಸೆಯಿಂದಲೇ. ತಿಂಗಳ ಸರಾಸರಿ ‘27’ ಎಂದು ಹೇಳುವಾಗ ಈ ಶಾಲೂ ನೆರಳೂ ಎರಡೂ ಅದರೊಳಗೆ ಕರಗಿಹೋಗಿರುತ್ತವೆ.

ಒಂದೇ ಅಕ್ಷಾಂಶದ ಮೂರು ಊರುಗಳು

ತಾಪಮಾನವನ್ನು ನಿರ್ಧರಿಸುವ ಮೊದಲ ಸಂಗತಿ ಸೂರ್ಯ ಎಷ್ಟು ನೆತ್ತಿಯ ಮೇಲೆ ಬರುತ್ತಾನೆ ಎಂಬುದು. ಅದನ್ನು ಅಕ್ಷಾಂಶ ಹೇಳುತ್ತದೆ. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಒಂದು ದಾರ ಎಳೆದಂತೆ ಇವೆ. ಮೂರಕ್ಕೂ ಸಿಗುವ ಸೂರ್ಯ ಒಬ್ಬನೇ, ಆಕಾಶದಲ್ಲಿ ಅವನು ಏರುವ ಎತ್ತರವೂ ಒಂದೇ. ಆದರೂ ಬೆಂಗಳೂರಿನಲ್ಲಿ ಜನವರಿಯ ಕನಿಷ್ಠ 16ರ ಹತ್ತಿರ, ಏಪ್ರಿಲ್‌ನ ಗರಿಷ್ಠ 34. ಚೆನ್ನೈನಲ್ಲಿ ಮೇ ತಿಂಗಳ ಸರಾಸರಿ ಗರಿಷ್ಠವೇ 37 ದಾಟುತ್ತದೆ.

ಬೆಂಗಳೂರಿನ ಉತ್ತರ ಸುಲಭ: ಅದು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಮೇಲೇರಿದಷ್ಟೂ ಗಾಳಿ ತಣ್ಣಗಾಗುತ್ತದೆ. ಚೆನ್ನೈನ ಉತ್ತರ ಹೆಚ್ಚು ಪಾಠ ಕಲಿಸುವಂಥದ್ದು, ಏಕೆಂದರೆ ಅದೂ ಕಡಲತಡಿಯ ಊರೇ. ಕಡಲಿದ್ದರೆ ಸಾಲದು, ಗಾಳಿ ಕಡಲಿನಿಂದ ಬೀಸಬೇಕು. ಬೇಸಿಗೆಯ ಕೊನೆಗೆ ದಕ್ಷಿಣ ಭಾರತದ ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯತೊಡಗುತ್ತದೆ. ಮಂಗಳೂರಿಗೆ ಅದು ಅರಬ್ಬೀ ಸಮುದ್ರದ ಮೇಲಿಂದ ನೇರವಾಗಿ ಬರುವ ಗಾಳಿ; ಚೆನ್ನೈಗೆ ಅದು ಕಾದ ಒಳನಾಡನ್ನೆಲ್ಲ ದಾಟಿ ಬರುವ ಗಾಳಿ. ಒಂದೇ ಗಾಳಿ ಒಂದು ದಡಕ್ಕೆ ಬೀಸಣಿಗೆ, ಇನ್ನೊಂದು ದಡಕ್ಕೆ ಕುಲುಮೆಯ ತಿದಿ.

ಹಂಡೆಯೂ ಕಾವಲಿಯೂ

ಬಚ್ಚಲುಮನೆಯ ಹಂಡೆಗೆ ಬೆಂಕಿ ಹಾಕಿದವರಿಗೆ ನೀರಿನ ಸ್ವಭಾವವನ್ನು ವಿವರಿಸಬೇಕಿಲ್ಲ. ದೋಸೆಯ ಕಾವಲಿ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ, ಒಲೆ ಆರಿಸಿದರೆ ಬೇಗ ತಣಿಯುತ್ತದೆ. ಹಂಡೆಯ ನೀರು ಕಾಯಲು ಗಂಟೆ ಬೇಕು, ಆದರೆ ರಾತ್ರಿ ಕಾಸಿದ್ದು ಬೆಳಿಗ್ಗೆಯೂ ಬೆಚ್ಚಗಿರುತ್ತದೆ. ಒಂದೇ ತೂಕದ ಒಣ ಮಣ್ಣಿಗಿಂತ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ನಾಲ್ಕೈದು ಪಟ್ಟು ಶಾಖ ಬೇಕು. ಅಷ್ಟೇ ಅಲ್ಲ, ಬಿಸಿಲು ನೆಲದ ಮೇಲಿನ ತೆಳುಪದರವನ್ನಷ್ಟೇ ಕಾಯಿಸಿದರೆ, ನೀರಿನಲ್ಲಿ ಅದು ಅನೇಕ ಮೀಟರ್ ಆಳಕ್ಕಿಳಿಯುತ್ತದೆ. ಅಲೆಗಳು ಮೇಲಿನ ನೀರನ್ನೂ ಕೆಳಗಿನದನ್ನೂ ಕಲಕುತ್ತವೆ. ಒಂದಿಷ್ಟು ಶಾಖ ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಪಣಂಬೂರಿನ ಕಡಲ ತೀರದಲ್ಲಿ ಮಧ್ಯಾಹ್ನ ಬರಿಗಾಲಿಟ್ಟರೆ ಸುಡುವ ಮರಳೂ ಹತ್ತೇ ಹೆಜ್ಜೆಯಾಚೆ ತಂಪಾಗಿರುವ ನೀರೂ ಪಡೆದದ್ದು ಒಂದೇ ಬಿಸಿಲನ್ನು.

ಈ ವ್ಯತ್ಯಾಸದಿಂದಲೇ ಕಡಲ ಗಾಳಿ ಹುಟ್ಟುತ್ತದೆ. ಬೆಳಿಗ್ಗೆ ನೆಲ ಬೇಗ ಕಾದು, ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ. ಆ ಜಾಗವನ್ನು ತುಂಬಲು ಕಡಲ ಮೇಲಿನ ತಂಪು ಗಾಳಿ ಒಳಗೆ ಸರಿಯುತ್ತದೆ. ಹೆಚ್ಚಾಗಿ ಹನ್ನೊಂದರ ಸುಮಾರಿಗೆ ಇದು ಶುರುವಾಗುತ್ತದೆ. ಏರುತ್ತಿದ್ದ ತಾಪಮಾನ ಅಲ್ಲಿಗೆ ತಡೆಹಿಡಿದಂತೆ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಸೂರ್ಯ ನೆತ್ತಿಯ ಮೇಲಿದ್ದರೂ ಮಂಗಳೂರಿನ ಗರಿಷ್ಠ 34ರ ಬಳಿ ನಿಲ್ಲುವುದು ಈ ಕಾರಣದಿಂದ. ರಾತ್ರಿ ಇದು ತಿರುವುಮುರುವಾಗಿ, ಬೇಗ ತಣಿದ ನೆಲದಿಂದ ಕಡಲಿನತ್ತ ಮೆಲುವಾದ ನೆಲಗಾಳಿ ಬೀಸುತ್ತದೆ. ದೋಣಿಗಳಿಗೆ ಹಾಯಿ ಕಟ್ಟುತ್ತಿದ್ದ ಕಾಲದಲ್ಲಿ ಮೀನುಗಾರರ ದಿನಚರಿ ಈ ಎರಡು ಗಾಳಿಗಳಿಗೆ ಹೊಂದಿಕೊಂಡಿತ್ತು: ನಸುಕಿನ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲ ಗಾಳಿಯಲ್ಲಿ ಮರಳುವುದು.

ಜುಲೈ ಏಕೆ ಜನವರಿಗಿಂತ ತಂಪು?

13 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ ನೇರ ನೆತ್ತಿಯ ಮೇಲೆ ಬರುತ್ತಾನೆ: ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ನೆಟ್ಟಗೆ ನಿಂತ ಕಂಬದ ನೆರಳು ಮಧ್ಯಾಹ್ನ ಕ್ಷಣಕಾಲ ಕಾಣೆಯಾಗುವ ಈ ದಿನಗಳನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಸೂರ್ಯನೊಬ್ಬನದ್ದೇ ಲೆಕ್ಕವಾದರೆ ಮಂಗಳೂರಿಗೆ ಎರಡು ಬೇಸಿಗೆಗಳಿರಬೇಕಿತ್ತು. ಎರಡನೆಯದನ್ನು ಮುಂಗಾರು ನುಂಗಿಬಿಡುತ್ತದೆ. ಆಗಸ್ಟ್‌ನ ಶೂನ್ಯ ನೆರಳನ್ನು ನೋಡಲು ಕಾದು ಕುಳಿತವರಿಗೆ ಅನೇಕ ಬಾರಿ ಸೂರ್ಯನೇ ಕಾಣುವುದಿಲ್ಲ.

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರಕ್ಕೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಹೆಚ್ಚು ದಿನ ಕಳೆಯುವ ಮೊದಲೇ ನೈಋತ್ಯದ ಗಾಳಿ ಮಳೆಯನ್ನು ತರುತ್ತದೆ. ತೇವ ಹೊತ್ತ ಈ ಗಾಳಿ ಪಶ್ಚಿಮ ಘಟ್ಟಕ್ಕೆ ತಡೆದು ಮೇಲೇರಿ, ತಣಿದು ಮಳೆಯಾಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಕಾಣುವ ಊರಿನಲ್ಲಿ ಜುಲೈ ಒಂದರಲ್ಲೇ ಒಂದು ಸಾವಿರ ಮಿಲಿಮೀಟರ್‌ನಷ್ಟು ಸುರಿಯುತ್ತದೆ. ಮೋಡ ಹಗಲು ಕೊಡೆಯಾಗಿ ಬಿಸಿಲನ್ನು ತಡೆಯುತ್ತದೆ, ರಾತ್ರಿ ಕಂಬಳಿಯಾಗಿ ನೆಲದ ಶಾಖ ಆಕಾಶಕ್ಕೆ ಹಾರಿಹೋಗದಂತೆ ಹಿಡಿದಿಡುತ್ತದೆ. ಹಾಗಾಗಿ ಗರಿಷ್ಠ ಇಳಿಯುತ್ತದೆ, ಕನಿಷ್ಠ ಮಾತ್ರ ಹೆಚ್ಚು ಇಳಿಯುವುದಿಲ್ಲ. ಹಗಲು ರಾತ್ರಿಗಳ ಅಂತರ 12ರಿಂದ 6 ಡಿಗ್ರಿಗೆ ಕುಗ್ಗುತ್ತದೆ. ತುಳುವರ ಮಳೆಗಾಲದ ತಿಂಗಳಾದ ಆಟಿಯಲ್ಲಿ ಬಟ್ಟೆ ಒಣಗದ ಮನೆಗಳಲ್ಲಿ ಹಗಲೂ ರಾತ್ರಿಯೂ ಒಂದೇ ತೆರನಾಗಿ ತೋರುವುದು ಕೇವಲ ಅನಿಸಿಕೆಯಲ್ಲ.

ಕಡಲೂ ಇದಕ್ಕೆ ಕೈಜೋಡಿಸುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಭಾಗದ ಅರಬ್ಬೀ ಸಮುದ್ರದ ಮೇಲ್ಮೈ 30 ಡಿಗ್ರಿಯ ಆಸುಪಾಸಿನವರೆಗೆ ಕಾಯುತ್ತದೆ. ಮುಂಗಾರಿನ ಗಾಳಿ ಅದನ್ನು ಕಲಕಿ, ದಡದ ಬಳಿಯ ಮೇಲ್ನೀರನ್ನು ಆಚೆ ತಳ್ಳಿದಾಗ ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಅದರ ಜೊತೆ ಮೇಲೆ ಬರುವ ಪೋಷಕಾಂಶಗಳಿಂದ ಬೆಳೆಯುವ ಸೂಕ್ಷ್ಮ ಸಸ್ಯಗಳೇ ಬೂತಾಯಿಯಂಥ ಮೀನುಗಳಿಗೆ ಆಹಾರ. ಮಳೆಗಾಲ ಕಳೆದ ಮೇಲೆ ಬುಟ್ಟಿಗೆ ಬೀಳುವ ಮೀನಿಗೂ ತಿಂಗಳ ತಾಪಮಾನದ ಪಟ್ಟಿಗೂ ಹೀಗೊಂದು ನಂಟಿದೆ.

ಜನವರಿಯ ಕಥೆ ಇದಕ್ಕೆ ವಿರುದ್ಧ. ಆಕಾಶ ನಿರ್ಮಲ, ನೆಲ ಒಣಗಿದೆ, ಮೋಡದ ಕಂಬಳಿಯಿಲ್ಲ. ರಾತ್ರಿ ಶಾಖ ಸಲೀಸಾಗಿ ಹಾರಿಹೋಗುತ್ತದೆ, ಹಗಲು ಬಿಸಿಲು ಅಡ್ಡಿಯಿಲ್ಲದೆ ಬೀಳುತ್ತದೆ. ಉತ್ತರ ಭಾರತ ನಡುಗುತ್ತಿರುವ ಡಿಸೆಂಬರ್, ಜನವರಿಗಳಲ್ಲಿ ದೇಶದ ಬಯಲು ಪ್ರದೇಶದ ಅತಿ ಹೆಚ್ಚಿನ ಹಗಲಿನ ತಾಪಮಾನ ದಾಖಲಾದ ಊರುಗಳ ಸಾಲಿನಲ್ಲಿ ಕಾರವಾರ, ಹೊನ್ನಾವರಗಳ ಹೆಸರು ಆಗಾಗ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಫೆಬ್ರವರಿ, ಮಾರ್ಚ್‌ಗಳಲ್ಲಿ ತಪ್ಪುವ ಲೆಕ್ಕ

ಈಗ ಎಚ್ಚರಿಕೆಯ ವಿಷಯಕ್ಕೆ ಬರಬಹುದು. ಚಳಿಗಾಲ ಮುಗಿಯುವಾಗ ಒಳನಾಡಿನಿಂದ ಪೂರ್ವದ ಗಾಳಿ ಬೀಸುವುದುಂಟು. ಅದು ಬಲವಾಗಿದ್ದ ದಿನ ಕಡಲ ಗಾಳಿ ಒಳಗೆ ಬರಲು ದಾರಿ ಸಿಗದೆ ಹೊರಗೇ ನಿಲ್ಲುತ್ತದೆ. ಹನ್ನೊಂದಕ್ಕೆ ಬರಬೇಕಾದದ್ದು ಎರಡಾದರೂ ಬರುವುದಿಲ್ಲ. ಅಷ್ಟೂ ಹೊತ್ತು ನೆಲ ಕಾಯುತ್ತಲೇ ಇರುತ್ತದೆ. ಅದರ ಮೇಲೆ ಘಟ್ಟವನ್ನಿಳಿದು ಬರುವ ಒಣಗಾಳಿ ಇಳಿಯುತ್ತಲೇ ಬಿಸಿಯಾಗುತ್ತದೆ: ಕೆಳಗೆ ಒತ್ತಡ ಹೆಚ್ಚು, ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದರ ಹಿಂದೆಯೂ ಇದೇ ನಿಯಮವಿದೆ. ಒಣಗಾಳಿ ಒಂದು ಕಿಲೋಮೀಟರ್ ಇಳಿದರೆ ಸುಮಾರು 10 ಡಿಗ್ರಿ ಏರುತ್ತದೆ. ಹಾಗಾಗಿ ಘಟ್ಟದ ಮೇಲೆ ಹಿತವಾಗಿದ್ದ ಗಾಳಿ ತಪ್ಪಲಿಗೆ ಬರುವಾಗ ಬೇರೆಯೇ ಆಗಿರುತ್ತದೆ. ಕರಾವಳಿಯ ಅತಿ ಬಿಸಿಯಾದ ದಿನಗಳು ಸರಾಸರಿಯಲ್ಲಿ ಮುಂದಿರುವ ಏಪ್ರಿಲ್, ಮೇಗಳನ್ನು ಬಿಟ್ಟು ಫೆಬ್ರವರಿ, ಮಾರ್ಚ್‌ಗಳಲ್ಲಿ ಬಂದೆರಗುವುದು ಹೀಗೆ.

ಹವಾಮಾನ ಇಲಾಖೆಯ ಅಳತೆಗೋಲು ಊರಿನ ಸ್ವಭಾವಕ್ಕೆ ತಕ್ಕಂತೆ ಬದಲಾಗುತ್ತದೆ. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಿದರೆ ಮಾತ್ರ ಬಿಸಿಗಾಳಿಯ ಪ್ರಶ್ನೆ ಏಳುತ್ತದೆ. ಕರಾವಳಿಯಲ್ಲಿ 37 ಸಾಕು, ಗುಡ್ಡಗಾಡಿನಲ್ಲಿ 30. ಆದರೆ ಅಂಕಿ ಮುಟ್ಟಿದರಷ್ಟೇ ಸಾಲದು. ಅದು ಆ ಊರಿನ ಆ ಹೊತ್ತಿನ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, ಮತ್ತು ಒಂದು ವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಎರಡು ದಿನ ಸತತವಾಗಿ ಹಾಗಿರಬೇಕು. ಮಾರ್ಚ್ ಆರಂಭದಲ್ಲಿ ಮಂಗಳೂರಿನ ವಾಡಿಕೆಯ ಗರಿಷ್ಠ 33ರ ಮೇಲೆ ಸ್ವಲ್ಪವಷ್ಟೇ. 38 ಎಂದರೆ ಅದಕ್ಕಿಂತ ನಾಲ್ಕೂವರೆ, ಐದು ಡಿಗ್ರಿ ಹೆಚ್ಚು. ವರ್ಷವಿಡೀ ತಿಂಗಳ ಸರಾಸರಿ ನಾಲ್ಕು ಡಿಗ್ರಿಯೊಳಗೇ ಓಡಾಡುವ ಊರಿಗೆ ಇದು ಸಣ್ಣ ಜಿಗಿತವಲ್ಲ. ಅಲ್ಲಿನ ಮನೆ, ಮೈ, ಬೆಳೆ ಯಾವುದೂ ಅದಕ್ಕೆ ಹದಗೊಂಡಿರುವುದಿಲ್ಲ. ಏಪ್ರಿಲ್‌ನಲ್ಲಿ 38ರ ಮೇಲೆಯೇ ವಾಡಿಕೆಯಿರುವ ಕಲಬುರಗಿಗೆ ಅದೇ ಅಂಕಿ ತೀರ ಮಾಮೂಲಿನ ದಿನ.

ಸೆಕೆ ಪಟ್ಟಿಯಲ್ಲಿಲ್ಲ

ಕರಾವಳಿಯ ಕನ್ನಡದಲ್ಲಿ ‘ಸೆಕೆ’ ಎಂಬ ಮಾತಿದೆ. ಬಿಸಿಲು ಬೇರೆ, ಝಳ ಬೇರೆ, ಸೆಕೆಯೇ ಬೇರೆ. ಮೋಡ ಕವಿದ ಮೇ ತಿಂಗಳ ಸಂಜೆ, ಬಿಸಿಲಿಲ್ಲದಿದ್ದರೂ ಎಲೆ ಅಲುಗದಿದ್ದಾಗ ಆಗುವುದು ಸೆಕೆ. ಥರ್ಮಾಮೀಟರ್ ಅಳೆಯಲಾರದ ಒಂದು ಸಂಗತಿಯನ್ನು ಈ ಪದ ಹಿಡಿದಿಟ್ಟಿದೆ: ಶಾಖ ಮತ್ತು ತೇವಾಂಶ ಎರಡೂ ಸೇರಿ ಮೈಗೆ ಕೊಡುವ ತೊಂದರೆ.

ಮೈ ತಣಿಯುವುದು ಬೆವರುವುದರಿಂದಲ್ಲ, ಬೆವರು ಆರುವುದರಿಂದ. ನೀರು ಆವಿಯಾಗುವಾಗ ಚರ್ಮದಿಂದ ಶಾಖವನ್ನು ಕೊಂಡೊಯ್ಯುತ್ತದೆ; ಮಣ್ಣಿನ ಹೂಜಿಯ ನೀರು ತಂಪಾಗುವುದೂ ಹಾಗೆಯೇ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರದೆ ಹರಿಯುತ್ತದೆ, ಮೈ ತಣಿಯುವುದಿಲ್ಲ. ರಾಯಚೂರಿನ ಒಣ ಮಧ್ಯಾಹ್ನದ 40 ಡಿಗ್ರಿಯಷ್ಟೇ ದಣಿವನ್ನು ಕಡಲತಡಿಯ 33 ಡಿಗ್ರಿ ಕೊಡಬಲ್ಲದು. ಕನಿಷ್ಠ ತಾಪಮಾನದ ಮಹತ್ವವೂ ಇಲ್ಲೇ ಇದೆ. ಬೇಸಿಗೆಯ ಒಳನಾಡಿನಲ್ಲಿ ಬೆಳಗಿನ ಜಾವಕ್ಕಾದರೂ ಹಗಲಿನ ಕಾವು ಬಹುಪಾಲು ಇಳಿದಿರುತ್ತದೆ. ಕರಾವಳಿಯ ಮೇ ತಿಂಗಳಲ್ಲಿ ಕನಿಷ್ಠವೇ 25 ಆಗಿದ್ದು, ತೇವ ತುಂಬಿದ ರಾತ್ರಿ ಮೈಗೆ ಬಿಡುವು ಕೊಡುವುದಿಲ್ಲ. ಮುನ್ಸೂಚನೆಯಲ್ಲಿ ಎಲ್ಲರ ಕಣ್ಣು ಗರಿಷ್ಠದ ಮೇಲೆ ಬಿದ್ದರೂ, ಈ ಊರುಗಳಲ್ಲಿ ವೃದ್ಧರಿಗೂ ಹಸುಗೂಸುಗಳಿಗೂ ಹೆಚ್ಚು ಸಂಬಂಧಪಟ್ಟದ್ದು ಕನಿಷ್ಠದ ಅಂಕಿ, ಮತ್ತು ಅದರ ಪಕ್ಕದಲ್ಲಿ ಬರೆದಿರುವ ತೇವಾಂಶದ ಶೇಕಡಾವಾರು.

ಸರಿಯುತ್ತಿರುವ ವಾಡಿಕೆ

ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1901ರಿಂದ 2018ರ ನಡುವೆ ದೇಶದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರೊಳಗೆ ಸರಾಸರಿ 1 ಡಿಗ್ರಿ ಕಾದಿದೆ. ದೆಹಲಿಯಂಥ ಊರಿನಲ್ಲಿ ಒಂದು ಡಿಗ್ರಿ ಎಂದರೆ ವರ್ಷದ ಏರಿಳಿತದ ಇಪ್ಪತ್ತನೆಯ ಒಂದು ಪಾಲು. ಮಂಗಳೂರಿನಲ್ಲಿ ಅದು ನಾಲ್ಕನೆಯ ಒಂದು ಪಾಲು. ಅಷ್ಟು ಏರಿದರೆ ಜನವರಿ ಹೆಚ್ಚುಕಡಿಮೆ ಈಗಿನ ಮಾರ್ಚ್‌ನ ಮೆಟ್ಟಿಲ ಬಳಿ ಬಂದು ನಿಲ್ಲುತ್ತದೆ. ಹಂಡೆಯ ನೀರೇ ಬೆಚ್ಚಗಾದಾಗ ಅದರ ಮೇಲಿಂದ ಬೀಸುವ ಗಾಳಿಯೂ ಅಷ್ಟು ತಂಪು ತರಲಾರದು, ಜೊತೆಗೆ ಬಿಸಿಯಾದ ಗಾಳಿ ಪ್ರತಿ ಡಿಗ್ರಿಗೆ ಶೇಕಡಾ 7ರಷ್ಟು ಹೆಚ್ಚು ತೇವವನ್ನು ಹಿಡಿದಿಡಬಲ್ಲದು.

ಇಲ್ಲಿ ಲೆಕ್ಕದ ಒಂದು ಸೂಕ್ಷ್ಮವಿದೆ. ವಾಡಿಕೆಯ 30 ವರ್ಷಗಳನ್ನು ವಿಶ್ವ ಹವಾಮಾನ ಸಂಸ್ಥೆಯ ಪದ್ಧತಿಯಂತೆ ಹತ್ತು ವರ್ಷಕ್ಕೊಮ್ಮೆ ಮುಂದಕ್ಕೆ ಸರಿಸುತ್ತಾರೆ. ಮೊದಲು 1981ರಿಂದ 2010ರ ಅವಧಿಯಿತ್ತು, ಈಗಿನದು 1991ರಿಂದ 2020. ಮುಂದಿನದು 2001ರಿಂದ 2030ರವರೆಗಿನದ್ದಾಗುತ್ತದೆ. ತಂಪಾಗಿದ್ದ ಹಳೆಯ ಹತ್ತು ವರ್ಷಗಳು ಹಿಂದಿನಿಂದ ಉದುರಿ, ಬಿಸಿಯಾದ ಹೊಸ ಹತ್ತು ವರ್ಷಗಳು ಮುಂದೆ ಸೇರಿದಾಗ ವಾಡಿಕೆ ತಾನೇ ಮೇಲೇರುತ್ತದೆ. ಇಂದು ‘ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚು’ ಎಂದು ವರದಿಯಾದ ಮಾರ್ಚ್ ದಿನ, ಅಷ್ಟೇ ಬಿಸಿಯಾಗಿ 2031ರ ನಂತರ ಮತ್ತೆ ಬಂದರೆ, ‘ವಾಡಿಕೆಗಿಂತ ಹೆಚ್ಚು’ ಎಂದು ಬರೆಯುವ ಅಂಕಿ ಒಂದು ಡಿಗ್ರಿಗಿಂತ ಕಡಿಮೆಯಿರಬಹುದು. ದೀರ್ಘಕಾಲದ ಬದಲಾವಣೆಯನ್ನು ಅಳೆಯುವವರು ಈ ಕಾರಣಕ್ಕೆ 1961ರಿಂದ 1990ರ ಅವಧಿಯನ್ನು ಕದಲಿಸದೆ ಬೇರೆಯಾಗಿ ಇಟ್ಟುಕೊಂಡಿದ್ದಾರೆ.